ಮೊದಲ ಬೆರಳಚ್ಚು ಯಂತ್ರ, ಮೊದಲ ಪಾಠ: ನಿಮ್ಮ ಬೆರಳುಗಳಿಗೆ ನೆನಪಿರುವುದನ್ನು ಬರೆಯಿರಿ

ಹಾಸನದ ನಿವೃತ್ತ ಉಪನ್ಯಾಸಕ

ನಾನು ಬೆರಳಚ್ಚು ಕಲಿತದ್ದು 1964ರಲ್ಲಿ, ನಮ್ಮ ತಾಲ್ಲೂಕು ಕೇಂದ್ರದ ಪ್ರೌಢಶಾಲೆಯಲ್ಲಿ. ಊರಿನವರು ಅದನ್ನು ‘ಮಲ್ಟಿಪರ್ಪಸ್ ಹೈಸ್ಕೂಲು’ ಎಂದು ಕರೆಯುತ್ತಿದ್ದರು. ಪ್ರೌಢಶಿಕ್ಷಣದಲ್ಲಿ ಏಳು ಐಚ್ಛಿಕ ಗುಂಪುಗಳಿರಬೇಕೆಂದು 1952–53ರ ಮುದಲಿಯಾರ್ ಆಯೋಗ ಶಿಫಾರಸು ಮಾಡಿದ ಮೇಲೆ ದೇಶದ ಹಲವೆಡೆ ಇಂಥ ವಿವಿಧೋದ್ದೇಶ ಶಾಲೆಗಳು ಬಂದವು. ಆ ಏಳರಲ್ಲಿ ಒಂದಾದ ವಾಣಿಜ್ಯ ಗುಂಪಿನಲ್ಲಿ ಲೆಕ್ಕಪತ್ರ ಬರೆಯುವುದರ ಜೊತೆಗೆ ಶೀಘ್ರಲಿಪಿಯೂ ಬೆರಳಚ್ಚೂ ಪಾಠಗಳಾಗಿದ್ದವು. ಮಗ ಕಚೇರಿ ಸೇರಿ ತಿಂಗಳ ಸಂಬಳ ತರಲಿ ಎಂಬ ಒಂದೇ ಆಸೆಯಿಂದ ನಮ್ಮ ತಂದೆ ನನ್ನನ್ನು ಆ ಗುಂಪಿಗೆ ಸೇರಿಸಿದರು.

ಇಪ್ಪತ್ತನಾಲ್ಕು ಹುಡುಗರಿಗೆ ಆರು ಯಂತ್ರಗಳಿದ್ದವು, ಎಲ್ಲವೂ ರೆಮಿಂಗ್ಟನ್. ಆರು ಜನ ಯಂತ್ರದ ಮುಂದೆ ಕುಳಿತರೆ ಉಳಿದ ಹದಿನೆಂಟು ಜನ ರಟ್ಟಿನ ಮೇಲೆ ಶಾಯಿಯಿಂದ ಬರೆದುಕೊಂಡ ಕೀಲಿಮಣೆಯ ಮೇಲೆ ಬೆರಳಾಡಿಸಬೇಕಿತ್ತು. ಮೊದಲ ಮೂರು ದಿನ ಯಾರಿಗೂ ಕಾಗದ ಕೊಡಲಿಲ್ಲ. ರೋಲರು ಯಾವುದು, ಕಾಗದವನ್ನು ಹೊತ್ತು ಪಕ್ಕಕ್ಕೆ ಸರಿಯುವ ಕ್ಯಾರೇಜನ್ನು ಎಳೆಯುವ ಸನ್ನೆ (ಲಿವರ್) ಯಾವುದು, ಅಂಚಿನ ತಡೆಗಳು ಎಲ್ಲಿವೆ, ಸಾಲು ಮುಗಿಯುವ ಮೊದಲೇ ಗಂಟೆ ಏಕೆ ಬಾರಿಸುತ್ತದೆ ಎಂಬುದನ್ನು ಮೇಷ್ಟ್ರು ಒಬ್ಬೊಬ್ಬರನ್ನೂ ನಿಲ್ಲಿಸಿ ಕೇಳುತ್ತಿದ್ದರು. ಸಾಲು ಮುಗಿಯಲು ಇನ್ನೂ ಕೆಲವು ಅಕ್ಷರಗಳ ಜಾಗ ಇರುವಾಗಲೇ ಗಂಟೆ ಕೇಳಿಸುತ್ತದೆ. ಕೈಯಲ್ಲಿರುವ ಪದವನ್ನು ಮುಗಿಸಬಹುದೇ, ಒಡೆಯಬೇಕೇ ಎಂಬುದನ್ನು ಆ ಕ್ಷಣದಲ್ಲಿ ಬೆರಳು ನಿಲ್ಲಿಸದೆ ತೀರ್ಮಾನಿಸಬೇಕು. ಇದನ್ನು ಅವರು ವ್ಯಾಕರಣದ ಪಾಠದಷ್ಟೇ ಗಂಭೀರವಾಗಿ ಕಲಿಸಿದರು.

ಆಮೇಲೆ ಕಾಗದ ಬಂತು, ಅದರ ಜೊತೆಗೆ ಎಲ್ಲರಿಗೂ ಗೊತ್ತಿರುವ ಆ ಮೊದಲ ಸಾಲೂ ಬಂತು: ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ. ಎರಡು ವಾರ ಇದನ್ನು ಬಿಟ್ಟು ಬೇರೇನೂ ಇರಲಿಲ್ಲ. ಕೀಲಿಗಳ ಕಡೆ ನೋಡುವವರ ಕೈಗಳ ಮೇಲೆ ಮೇಷ್ಟ್ರು ತಮ್ಮ ಹೆಗಲ ಮೇಲಿನ ಟವೆಲನ್ನು ಹೊದಿಸಿಬಿಡುತ್ತಿದ್ದರು. ಹಾಳೆ ಮುಗಿದ ಮೇಲೆ ಅದನ್ನು ಓದುವ ಮೊದಲು ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿಯುವುದು ಅವರ ಪದ್ಧತಿ. ಪೂರ್ಣವಿರಾಮದ ಅಚ್ಚು ಬಹಳ ಚಿಕ್ಕದಾದ್ದರಿಂದ ಬಲವೆಲ್ಲ ಒಂದೇ ಬಿಂದುವಿನ ಮೇಲೆ ಬೀಳುತ್ತದೆ. ಒರಟಾಗಿ ಹೊಡೆದವನ ಹಾಳೆಯಲ್ಲಿ ವಾಕ್ಯಕ್ಕೊಂದರಂತೆ ಬೆಳಕಿನ ತೂತುಗಳು ಕಾಣುತ್ತಿದ್ದವು. ನನ್ನದು ಗುದ್ದಲಿ ಹಿಡಿದ ಕೈ. ತೋರುಬೆರಳಿನ ಎಫ್ ಕಪ್ಪಾಗಿ ಕಾಗದದೊಳಗೆ ಇಳಿದಿರುತ್ತಿತ್ತು, ಕಿರುಬೆರಳಿನ ಎ ಮಾತ್ರ ಇದೆಯೋ ಇಲ್ಲವೋ ಎಂಬಂತೆ ಮಸುಕಾಗಿರುತ್ತಿತ್ತು. ಎಂಟು ಬೆರಳುಗಳೂ ಸಮನಾಗಿ ಕಾಣುವವರೆಗೆ ಮೇಷ್ಟ್ರು ನನಗೆ ವೇಗದ ಮಾತೆತ್ತಲು ಬಿಡಲಿಲ್ಲ. ಅದಕ್ಕೆ ಐದು ತಿಂಗಳು ಹಿಡಿಯಿತು. ಆ ಐದು ತಿಂಗಳಿಗಾಗಿ ನಾನು ಅವರಿಗೆ ಇಂದಿಗೂ ಋಣಿಯಾಗಿದ್ದೇನೆ.

ನಾನು ಕನ್ನಡ ಬೆರಳಚ್ಚನ್ನು ಕಲಿಯಲಿಲ್ಲ. ನಮ್ಮ ಶಾಲೆಯಲ್ಲಿ ಕನ್ನಡ ಯಂತ್ರವೇ ಇರಲಿಲ್ಲ. ಇಂಗ್ಲಿಷ್ ಬೆರಳಚ್ಚಿನ ಪಾಠಕ್ರಮ ಜಗತ್ತಿನ ಎಷ್ಟೋ ಪುಸ್ತಕಗಳಲ್ಲಿ ಉಳಿದಿದೆ, ಆದರೆ ಕನ್ನಡವನ್ನು ಬೆರಳಿನಿಂದ ಕಲಿತವರ ಅನುಭವ ಅವರ ಕೈಗಳಲ್ಲೇ ಉಳಿದುಕೊಂಡಿದೆ. ಅಂಥವರು ಇಲ್ಲಿದ್ದರೆ ದಯವಿಟ್ಟು ವಿವರವಾಗಿ ಬರೆಯಿರಿ. ಯಾವ ಯಂತ್ರ, ಯಾರು ಕಲಿಸಿದರು ಎಂಬುದರ ಜೊತೆಗೆ ಕೈ ಹೇಗೆ ಓಡುತ್ತಿತ್ತು ಎಂಬುದನ್ನೂ ಬರೆಯಿರಿ.

ಶಿವಮೊಗ್ಗದ ನಿವೃತ್ತ ಬೆರಳಚ್ಚುಗಾರ್ತಿ

ನಮಸ್ಕಾರ ಸರ್. ತಾವು ಕೇಳಿದ ಪ್ರಶ್ನೆಯನ್ನು ಇಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ. ಅದಕ್ಕಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ 1978ರಲ್ಲಿ ಒಂದು ಖಾಸಗಿ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿದೆ. ಬೆಳಿಗ್ಗೆ ಆರು ಗಂಟೆಯಿಂದ ರಾತ್ರಿ ಒಂಬತ್ತರವರೆಗೆ ಒಂದೊಂದು ಗಂಟೆಯ ತಂಡಗಳು ನಡೆಯುತ್ತಿದ್ದವು, ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಬೆಳಗಿನ ಹೊತ್ತು. ಮೊದಲು ಇಂಗ್ಲಿಷ್ ಬೆರಳಚ್ಚಿನ ಜೂನಿಯರ್ ಪರೀಕ್ಷೆ ಕಟ್ಟಿ ತೇರ್ಗಡೆಯಾದೆ, ಆಮೇಲೆ ಕನ್ನಡಕ್ಕೆ ಬಂದೆ. ಇಂಗ್ಲಿಷ್ ಬಂದವಳಿಗೆ ಕನ್ನಡ ಬೇಗ ಬಂದೀತು ಎಂದುಕೊಂಡಿದ್ದೆ. ಮೊದಲ ದಿನವೇ ಅದು ಸುಳ್ಳೆಂದು ತಿಳಿಯಿತು.

ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಕೀಲಿ. ಕನ್ನಡದಲ್ಲಿ ಕಾಗುಣಿತವನ್ನೂ ಒತ್ತಕ್ಷರಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ ಅಕ್ಷರರೂಪಗಳು ಸಾವಿರಗಟ್ಟಲೆ ಆಗುತ್ತವೆ. ಯಂತ್ರದಲ್ಲಿ ಮಾತ್ರ, ಶಿಫ್ಟ್ ಒತ್ತಿದಾಗ ಬರುವವನ್ನೂ ಸೇರಿಸಿದರೆ, ತೊಂಬತ್ತರ ಆಸುಪಾಸಿನ ಗುರುತುಗಳಿಗಷ್ಟೇ ಜಾಗ. ಈ ಇಕ್ಕಟ್ಟಿನೊಳಗೆ ನಮ್ಮ ಭಾಷೆಯನ್ನು ಕೂರಿಸುವ ಕೀಲಿಮಣೆಯನ್ನು ರೂಪಿಸಿದವರು ಕೆ. ಅನಂತಸುಬ್ಬರಾಯರು. ಅವರ ಹೆಸರನ್ನು ಇನ್‌ಸ್ಟಿಟ್ಯೂಟಿನಲ್ಲಿ ಪಾಠದ ಮೊದಲ ದಿನ ಹೇಳಿಕೊಟ್ಟಿದ್ದರು. ಶಾಲಾ ಮಕ್ಕಳಿಗೂ ಹೇಳಿಕೊಡಬೇಕಾದ ಹೆಸರು ಅದು ಎಂದು ನಾನು ನಂಬಿದ್ದೇನೆ.

ಈ ಕೀಲಿಮಣೆಯಲ್ಲಿ ಅಕ್ಷರವನ್ನು ಭಾಗ ಭಾಗವಾಗಿ ಕಟ್ಟಬೇಕು. ದೀರ್ಘಕ್ಕೆ ಬೇರೆ ಕೀಲಿ, ಕೊಂಬಿಗೆ ಬೇರೆ, ಒತ್ತಿಗೆ ಬೇರೆ. ಕೆಲವು ಕೀಲಿಗಳನ್ನು ಒತ್ತಿದಾಗ ಗುರುತು ಮೂಡುತ್ತದೆ, ಕ್ಯಾರೇಜು ಮಾತ್ರ ಇದ್ದಲ್ಲಿಯೇ ನಿಂತಿರುತ್ತದೆ. ಇಂಗ್ಲಿಷಿನಲ್ಲಿ ಪ್ರತಿ ಪೆಟ್ಟಿಗೂ ಯಂತ್ರ ಒಂದು ಹೆಜ್ಜೆ ಸರಿಯುವುದಕ್ಕೆ ಒಗ್ಗಿಹೋಗಿದ್ದ ನನ್ನ ಕಿವಿಗೆ ಈ ಲಯ ಹಿಡಿಯಲು ಬಹಳ ದಿನ ಬೇಕಾಯಿತು.

ಇನ್ನೊಂದು ವಿಷಯವಿದೆ, ಅದನ್ನು ಕಲಿಯದವರಿಗೆ ಊಹಿಸುವುದು ಕಷ್ಟ. ಯಂತ್ರದ ಮುಂದೆ ಕುಳಿತಾಗ ನಾವು ಕನ್ನಡವನ್ನು ಕೇಳಿದಂತೆ ಹೊಡೆಯುತ್ತಿರಲಿಲ್ಲ, ಕಂಡಂತೆ ಹೊಡೆಯುತ್ತಿದ್ದೆವು. ‘ಶಕ್ತಿ’ ಎಂಬ ಪದವನ್ನು ನೋಡಿ. ಬಾಯಿಯಲ್ಲಿ ಅದು ಶ, ಕ್, ತಿ. ಕಾಗದದ ಮೇಲೆ ಗುಡಿಸು ಇರುವುದು ಕಕಾರಕ್ಕೆ. ತಕಾರ ಅದರ ಕೆಳಗೆ ಒತ್ತಾಗಿ ಕುಳಿತಿದೆ. ಆದ್ದರಿಂದ ಬೆರಳು ಶ ಆದ ಮೇಲೆ ಕಿ ಎಂದೇ ಹೊಡೆಯಬೇಕು, ಆನಂತರ ತ-ಒತ್ತು. ‘ಸೂರ್ಯ’ ಎನ್ನುವಾಗ ನಾಲಗೆಗೆ ರಕಾರ ಮೊದಲು ಬರುತ್ತದೆ, ಬೆರಳಿಗೆ ಯಕಾರ ಮೊದಲು, ಅದರ ಬೆನ್ನಿಗೆ ಒಂಬತ್ತರ ಕನ್ನಡ ಅಂಕಿಯನ್ನು ಹೋಲುವ ಅರ್ಕಾವೊತ್ತು. ‘ಕರ್ತವ್ಯ’, ‘ಸರ್ಕಾರ’, ‘ಕಾರ್ಯದರ್ಶಿ’ ಇವು ಸರ್ಕಾರಿ ಪತ್ರದ ಸಾಲುಸಾಲಿನಲ್ಲೂ ಬರುವ ಪದಗಳು. ಮೊದಲ ತಿಂಗಳು ಮೇಡಂ ನಮಗೆ ಪದವನ್ನು ಮನಸ್ಸಿನಲ್ಲಿಯೂ ಉಚ್ಚರಿಸಬೇಡಿ ಎಂದು ಹೇಳುತ್ತಿದ್ದರು. ಉಚ್ಚರಿಸಿದರೆ ಬೆರಳು ತಪ್ಪು ಕಡೆ ಓಡುತ್ತಿತ್ತು. ಅಭ್ಯಾಸವಾದ ಮೇಲೆ, ಕಾಗುಣಿತ ತಪ್ಪಾದ ಪದ ಕಂಡರೆ ಕಣ್ಣಿಗಿಂತ ಮೊದಲು ಬೆರಳು ತಡವರಿಸುವುದನ್ನು ನಾನು ಎಷ್ಟೋ ಬಾರಿ ಗಮನಿಸಿದ್ದೇನೆ.

ಪರೀಕ್ಷೆಯ ದಿನ ಇನ್‌ಸ್ಟಿಟ್ಯೂಟಿನವರು ಯಂತ್ರಗಳನ್ನು ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಪರೀಕ್ಷಾ ಕೇಂದ್ರಕ್ಕೆ ಒಯ್ದರು. ತಾನು ಅಭ್ಯಾಸ ಮಾಡಿದ ಯಂತ್ರವೇ ಸಿಗಲಿ ಎಂದು ಎಲ್ಲರಿಗೂ ಆತಂಕ, ಏಕೆಂದರೆ ಒಂದೊಂದು ಯಂತ್ರದ ಕೀಲಿಗೂ ಒಂದೊಂದು ಬಿಗಿ. ನಾನು ನನ್ನ ಹ್ಯಾಲ್ಡಾ ಯಂತ್ರವನ್ನು ಅದರ ಸನ್ನೆಯ ತುದಿಯ ಸವೆತದಿಂದ ಗುರುತು ಹಿಡಿದು ಅದರ ಹಿಂದೆಯೇ ನಡೆದುಹೋದೆ.

ಕೆಲಸಕ್ಕೆ ಸೇರಿದ ಕಚೇರಿಯ ಹೆಸರನ್ನು ಬರೆಯುವುದಿಲ್ಲ. ಅಲ್ಲಿ ಒಂಬತ್ತು ಇಂಗ್ಲಿಷ್ ಯಂತ್ರಗಳಿದ್ದವು, ಕನ್ನಡದ್ದು ಒಂದೇ, ಅದರ ಮೇಲೂ ಕಡತಗಳನ್ನು ಪೇರಿಸಿಟ್ಟಿದ್ದರು. ರಾಜ್ಯದ ಆಡಳಿತ ಭಾಷಾ ಕಾಯ್ದೆ ಬಂದದ್ದು 1963ರಲ್ಲಿ. ನಾನು ಆ ಕಡತಗಳನ್ನು ಕೆಳಗಿಳಿಸಿದ್ದು 1981ರಲ್ಲಿ. ಕನ್ನಡದಲ್ಲಿ ಆದೇಶ ಹೊರಡಬೇಕಾದರೆ ಕಾಯ್ದೆಯ ಜೊತೆಗೆ ಒಂದು ಯಂತ್ರ, ಒಂದು ರಿಬ್ಬನ್ನು, ಅದನ್ನು ಬಲ್ಲ ಎರಡು ಕೈಗಳು ಬೇಕು. ನಮ್ಮಂಥ ನೂರಾರು ಹೆಣ್ಣುಮಕ್ಕಳು ಆ ಕೈಗಳಾಗಿದ್ದೆವು ಎಂಬ ಹೆಮ್ಮೆ ನನಗಿದೆ.

ಬೆಂಗಳೂರಿನ ತಂತ್ರಾಂಶ ಉದ್ಯೋಗಿ

ಅಮ್ಮ, ತಾವು ಬರೆದದ್ದನ್ನು ಓದಿ ನನಗೆ ಹೊಸದೊಂದು ವಿಷಯ ಅರ್ಥವಾಯಿತು. ನಾವು ಈಗ ಬಳಸುವ, ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯಲ್ಲಿ ‘ಶಕ್ತಿ’ ಎಂದು ಬರೆಯಲು ಕಕಾರ, ಎಫ್ ಕೀಲಿಯಲ್ಲಿರುವ ಒತ್ತಿನ ಗುರುತು, ತಕಾರ, ಆಮೇಲೆ ಇಕಾರ ಎಂಬ ಕ್ರಮದಲ್ಲಿ ಒತ್ತುತ್ತೇವೆ, ಅಂದರೆ ಪೂರ್ತಿ ಉಚ್ಚಾರಣೆಯ ಕ್ರಮದಲ್ಲಿ. ಅಕ್ಷರದ ಆಕಾರವನ್ನು ಕಟ್ಟುವ ಹೊಣೆ ಗಣಕದ್ದು. ತಮ್ಮ ಕಾಲದಲ್ಲಿ ಆ ಹೊಣೆ ಬೆರಳಿನದಾಗಿತ್ತು. ಈ ಬದಲಾವಣೆ ಬಂದಾಗ ಕಲಿತ ಕೈಯನ್ನು ತಿದ್ದಿಕೊಳ್ಳುವುದು ಹೇಗಾಯಿತು?

ಇನ್ನೊಂದು ಸಣ್ಣ ಪ್ರಶ್ನೆ ಎಲ್ಲರಿಗೂ. ಇಂಗ್ಲಿಷ್ ಕೀಲಿಗಳು ವರ್ಣಮಾಲೆಯ ಕ್ರಮದಲ್ಲಿ ಏಕೆ ಇಲ್ಲ? ಬೆರಳಚ್ಚುಗಾರರ ವೇಗವನ್ನು ತಗ್ಗಿಸಲೆಂದೇ ಹಾಗೆ ಮಾಡಿದರು ಎಂಬುದನ್ನು ಹಲವರು ಹೇಳಿದ್ದನ್ನು ಕೇಳಿದ್ದೇನೆ.

ಹುಬ್ಬಳ್ಳಿಯ ಯಂತ್ರ ದುರಸ್ತಿಗಾರ

ಎರಡನೆಯ ಪ್ರಶ್ನೆಗೆ ನನ್ನ ಕೈಗೆ ತಿಳಿದಷ್ಟನ್ನು ಹೇಳುತ್ತೇನೆ. ಯಂತ್ರದೊಳಗೆ ಅಚ್ಚಿನ ಕಡ್ಡಿಗಳು ಅರ್ಧಚಂದ್ರಾಕಾರವಾಗಿ ಮಲಗಿರುತ್ತವೆ, ಒತ್ತಿದಾಗ ಎಲ್ಲವೂ ಒಂದೇ ಬಿಂದುವಿಗೆ ಬಂದು ಬಡಿಯುತ್ತವೆ. ಅಕ್ಕಪಕ್ಕದ ಎರಡು ಕಡ್ಡಿಗಳು ಒಂದರ ಹಿಂದೊಂದು ಬೇಗ ಎದ್ದರೆ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ದೂರದವು ಹಾಗೆ ಸಿಕ್ಕಿಕೊಳ್ಳುವುದು ಕಡಿಮೆ. ಅಂಥ ಯಂತ್ರಗಳನ್ನು ದಿನಕ್ಕೆ ಎರಡರಂತೆ ಬಿಡಿಸಿಕೊಟ್ಟಿದ್ದೇನೆ. ವೇಗ ತಗ್ಗಿಸುವುದೇ ಉದ್ದೇಶವಾಗಿತ್ತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಸಿಕ್ಕಿಕೊಳ್ಳದ ಯಂತ್ರವೇ ವೇಗದ ಯಂತ್ರ. ವರ್ಣಮಾಲೆಯ ಗುರುತೂ ಪೂರ್ತಿ ಅಳಿದಿಲ್ಲ. ನಡುಸಾಲಿನಲ್ಲಿ ಡಿ, ಎಫ್, ಜಿ, ಎಚ್, ಜೆ, ಕೆ, ಎಲ್ ಎಂದು ಓದಿಕೊಂಡು ಹೋಗಿ, ನಡುವೆ ಇ ಮತ್ತು ಐ ಎಂಬ ಸ್ವರಗಳಷ್ಟೇ ಬಿಟ್ಟುಹೋಗಿವೆ.

ನಮ್ಮ ತಂದೆಯವರು ರೆಮಿಂಗ್ಟನ್, ಫೇಸಿಟ್, ಗೋದ್ರೆಜ್ ಯಂತ್ರಗಳನ್ನು ದುರಸ್ತಿ ಮಾಡುತ್ತಿದ್ದರು, ನಾನು ಹತ್ತನೆಯ ವಯಸ್ಸಿನಿಂದ ಅವರ ಪಕ್ಕದಲ್ಲಿ ಕುಳಿತವನು. ಶಾಲೆಗಳ ಯಂತ್ರಗಳು ಬೇಸಿಗೆ ರಜೆಯಲ್ಲಿ ನಮ್ಮಲ್ಲಿಗೆ ಬರುತ್ತಿದ್ದವು. ಅವುಗಳನ್ನು ನೋಡಿದರೆ ಸಾಕು, ಮಕ್ಕಳು ಹೇಗೆ ಕಲಿತಿದ್ದಾರೆಂದು ತಂದೆಯವರು ಹೇಳುತ್ತಿದ್ದರು. ನಡುಸಾಲಿನ ಕೀಲಿಗಳ ಬರಹ ಸಮನಾಗಿ ಸವೆದಿದ್ದರೆ ಮೇಷ್ಟ್ರು ಚೆನ್ನಾಗಿ ಕಲಿಸಿದ್ದಾರೆ ಎಂದರ್ಥ. ನಡುವಿನ ಕೆಲವೇ ಕೀಲಿಗಳು ಸವೆದಿದ್ದರೆ ಎರಡು ಬೆರಳಿನ ಹೊಡೆತ. ಒ, ಇ, ಎ ಅಚ್ಚುಗಳ ಹೊಟ್ಟೆಯಲ್ಲಿ ಶಾಯಿಯೂ ರಿಬ್ಬನ್ನಿನ ದಾರದ ಎಳೆಯೂ ಸೇರಿ ಗಟ್ಟಿಯಾಗಿರುತ್ತವೆ. ಅವನ್ನು ಸೂಜಿಯಿಂದ ಬಿಡಿಸಿ, ಗಡುಸು ಬ್ರಷ್ಷಿನಿಂದ ಉಜ್ಜುವುದು ನನ್ನ ಕೆಲಸವಾಗಿತ್ತು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹಳೆಯ ಯಂತ್ರವಿರುವವರು ಕಡ್ಡಿಗಳು ಕೂರುವ ಸಂದುಗಳಿಗೆ ಎಣ್ಣೆ ಬಿಡಬೇಡಿ. ಮೊದಲ ದಿನ ಹಗುರವಾಗಿ ಓಡುತ್ತದೆ, ಆಮೇಲೆ ಧೂಳು ಕೂತು ಅಂಟಾಗುತ್ತದೆ. ಅಲ್ಲಿ ಸ್ವಚ್ಛತೆಯೊಂದೇ ಮದ್ದು. ರೋಲರು ಗಟ್ಟಿಯಾಗಿದ್ದರೆ ಹಾಳೆಯ ಹಿಂದೆ ಇನ್ನೊಂದು ಹಾಳೆ ಇಟ್ಟು ಹೊಡೆಯಿರಿ, ಅಚ್ಚಿಗೂ ರೋಲರಿಗೂ ಅದು ಒಳ್ಳೆಯದು.

ಗೋದ್ರೆಜ್ ಸಂಸ್ಥೆ 1955ರಿಂದ ಈ ದೇಶದಲ್ಲಿ ಬೆರಳಚ್ಚು ಯಂತ್ರ ತಯಾರಿಸುತ್ತಿತ್ತು, 2009ರಲ್ಲಿ ತಯಾರಿಕೆ ನಿಲ್ಲಿಸಿತು. ಬಿಡಿಭಾಗಗಳಿಗಾಗಿ ಒಂದು ಯಂತ್ರವನ್ನು ಬಿಚ್ಚಿ ಇನ್ನೊಂದನ್ನು ಉಳಿಸುವ ಪರಿಸ್ಥಿತಿ ಬಂದಾಗಿನಿಂದ ನನಗೆ ಈ ಕೆಲಸದಲ್ಲಿ ದುಃಖವೂ ಸೇರಿಕೊಂಡಿದೆ.

ಧಾರವಾಡದ ಶಾಲಾ ಶಿಕ್ಷಕಿ

ನಾನು ಬೆರಳಚ್ಚು ಕಲಿತದ್ದು ಶಿಕ್ಷಕಿಯಾದ ಮೇಲೆ, ಪ್ರಶ್ನೆಪತ್ರಿಕೆಗಳಿಗಾಗಿ. ರಿಬ್ಬನ್ನು ಅಚ್ಚಿಗೆ ಅಡ್ಡ ಬಾರದಂತೆ ಸನ್ನೆಯನ್ನು ತಿರುಗಿಸಿ, ಮೇಣ ಲೇಪಿಸಿದ ಸ್ಟೆನ್ಸಿಲ್ ಹಾಳೆಯ ಮೇಲೆ ಬರಿಯ ಅಚ್ಚಿನಿಂದ ಹೊಡೆದರೆ ಅಕ್ಷರದ ಆಕಾರದಲ್ಲಿ ಮೇಣ ಬಿಟ್ಟುಕೊಳ್ಳುತ್ತದೆ. ಆ ಹಾಳೆಯನ್ನು ಸೈಕ್ಲೋಸ್ಟೈಲ್ ಯಂತ್ರದ ಉರುಳೆಗೆ ಸುತ್ತಿ ಶಾಯಿ ಹಾಯಿಸಿದರೆ ನೂರಾರು ಪ್ರತಿಗಳು ಬರುತ್ತವೆ. ತಪ್ಪಾದರೆ ಉಗುರುಬಣ್ಣದಂಥ ದ್ರವವನ್ನು ಸಣ್ಣ ಕುಂಚದಿಂದ ಹಚ್ಚಿ, ಆರಿದ ಮೇಲೆ ಅದರ ಮೇಲೆಯೇ ಮತ್ತೆ ಹೊಡೆಯಬೇಕಿತ್ತು. ವಾರ್ಷಿಕ ಪರೀಕ್ಷೆಯ ಹಿಂದಿನ ವಾರ ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲು ಹಾಕಿಕೊಂಡು ನಾನೊಬ್ಬಳೇ ಹೊಡೆಯುತ್ತಿದ್ದರೆ, ಹೊರಗೆ ಆಟದ ಮೈದಾನದಲ್ಲಿದ್ದ ಮಕ್ಕಳು ಆ ಶಬ್ದಕ್ಕೆ ಸುಮ್ಮನಾಗುತ್ತಿದ್ದರು.

ಮೈಸೂರಿನ ಸಂಗೀತ ಶಿಕ್ಷಕ

ನಾನು ಹುಟ್ಟಿನಿಂದ ದೃಷ್ಟಿಯಿಲ್ಲದವನು. ಇದನ್ನು ಪರದೆಯನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಬರೆಯುತ್ತಿದ್ದೇನೆ. ಉಪನ್ಯಾಸಕರ ಮೇಷ್ಟ್ರು ಕೈಗಳ ಮೇಲೆ ಹೊದಿಸಿದ ಟವೆಲಿನ ಸಂಗತಿಯನ್ನು ಕೇಳಿದಾಗ ನಮ್ಮ ವಸತಿ ಶಾಲೆಯ ಬೆರಳಚ್ಚು ಕೋಣೆಯ ನೆನಪಾಯಿತು. ನಮಗೆ ಟವೆಲು ಬೇಕಿರಲಿಲ್ಲ. ಕಾಣುವವರು ತಿಂಗಳುಗಟ್ಟಲೆ ಪ್ರಯತ್ನಿಸಿ ಬಿಡಬೇಕಾದ ಅಭ್ಯಾಸ ನಮ್ಮಲ್ಲಿ ಮೊದಲೇ ಇರಲಿಲ್ಲವಾದ್ದರಿಂದ, ಆ ಒಂದು ವಿದ್ಯೆಯಲ್ಲಿ ನಾವು ಊರಿನ ಬೇರೆ ಶಾಲೆಯ ಹುಡುಗರಿಗಿಂತ ಬೇಗ ಮುಂದೆ ಬಂದೆವು. 19ನೆಯ ಶತಮಾನದ ಆರಂಭದಲ್ಲಿ ಇಟಲಿಯ ಪೆಲ್ಲೆಗ್ರಿನೊ ತುರ್ರಿ ಎಂಬವರು ಒಂದು ಬರೆಯುವ ಯಂತ್ರವನ್ನು ಮಾಡಿದ್ದು ದೃಷ್ಟಿ ಕಳೆದುಕೊಂಡಿದ್ದ ಗೆಳತಿಯೊಬ್ಬರಿಗಾಗಿ ಎಂದು ನಮ್ಮ ಗುರುಗಳು ಹೇಳಿದಾಗ, ಈ ಯಂತ್ರದ ಮೇಲೆ ನಮಗೂ ಹಕ್ಕಿದೆ ಎಂಬ ಭಾವನೆ ಬಂದಿತ್ತು.

ಬ್ರೈಲ್‌ನಲ್ಲಿ ಬರೆದರೆ ಅದನ್ನು ನಾವು ಮಾತ್ರ ಓದಬಲ್ಲೆವು. ಬೆರಳಚ್ಚು ಕಲಿತ ಮೇಲೆ ಮನೆಗೆ ಪತ್ರ ಬರೆಯಲು ಸಾಧ್ಯವಾಯಿತು. ಶಾಲೆಯಲ್ಲಿದ್ದದ್ದು ಇಂಗ್ಲಿಷ್ ಯಂತ್ರ, ಮನೆಯವರಿಗೆ ಬರುತ್ತಿದ್ದದ್ದು ಕನ್ನಡ ಮಾತ್ರ. ಹಾಗಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನೇ ಹೊಡೆದು ಕಳುಹಿಸುತ್ತಿದ್ದೆ. ನಮ್ಮ ಹಳ್ಳಿಯ ಅಂಚೆಯಣ್ಣ ಅದನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಜಗಲಿಯಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಿದ್ದರು.

ಒಂದು ಸಲ ನಾನು ಎರಡು ಪುಟದ ಪತ್ರ ಬರೆದು ಕಳುಹಿಸಿದೆ. ಅಜ್ಜಿಗೆ ಹುಷಾರಿಲ್ಲ ಎಂದು ತಿಳಿದು ಬರೆದ ಪತ್ರ ಅದು. ನನಗಿಂತ ಮೊದಲು ಆ ಯಂತ್ರದಲ್ಲಿ ಯಾರೋ ಸ್ಟೆನ್ಸಿಲ್ ಹೊಡೆದು, ರಿಬ್ಬನ್ನಿನ ಸನ್ನೆಯನ್ನು ಹಿಂದಿನ ಜಾಗಕ್ಕೆ ತರದೆ ಹೋಗಿದ್ದರು. ಧಾರವಾಡದ ಶಿಕ್ಷಕಿಯವರು ವಿವರಿಸಿರುವ ಸನ್ನೆ ಅದೇ. ಶಬ್ದ ಅದೇ, ಗಂಟೆ ಅದೇ, ಕೀಲಿಯ ಬಿಗಿಯೂ ಅದೇ. ಶಾಯಿ ಬೀಳುತ್ತಿಲ್ಲ ಎಂದು ತಿಳಿಯಲು ನನಗೆ ಯಾವ ದಾರಿಯೂ ಇರಲಿಲ್ಲ. ಊರಿಗೆ ತಲುಪಿದ್ದು ಎರಡು ಬಿಳಿಯ ಹಾಳೆಗಳು.

ಅಂಚೆಯಣ್ಣ ಅವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಬೆರಳಿನಿಂದ ಸವರಿದರಂತೆ. ಆಮೇಲೆ ಕಿವಿಯ ಮೇಲಿದ್ದ ಸೀಸದ ಕಡ್ಡಿಯನ್ನು ಅಡ್ಡವಾಗಿ ಹಿಡಿದು ಹಾಳೆಯ ಮೇಲೆ ಹಗುರವಾಗಿ ಉಜ್ಜುತ್ತಾ ಹೋದರು. ಬೂದುಬಣ್ಣದ ನಡುವೆ ತಗ್ಗಿನಲ್ಲಿದ್ದ ಅಕ್ಷರಗಳು ಬಿಳಿಯಾಗಿ ಎದ್ದುಬಂದವು. ಎರಡು ಪುಟವನ್ನೂ ಹಾಗೆ ಓದಿ ಅಜ್ಜಿಗೆ ಹೇಳಿದರು. ಬೇಸಿಗೆ ರಜೆಗೆ ಊರಿಗೆ ಹೋದಾಗ ಅಮ್ಮ ಆ ಹಾಳೆಗಳನ್ನು ನನ್ನ ಕೈಗೆ ಕೊಟ್ಟರು. ಸವರಿ ನೋಡಿದರೆ ನಾನು ಹೊಡೆದ ಅಕ್ಷರಗಳ ತಗ್ಗು ನನ್ನ ಬೆರಳಿಗೆ ಸಿಗುತ್ತಿತ್ತು. ಕಾಣುವವರು ಓದುವ ಅಕ್ಷರಗಳಲ್ಲಿ ನಾನು ಬರೆದದ್ದನ್ನು ನಾನೇ ಮುಟ್ಟಿ ತಿಳಿದದ್ದು ಅದೇ ಮೊದಲು. ಅಂದಿನಿಂದ, ಯಂತ್ರದ ಮುಂದೆ ಕುಳಿತೊಡನೆ ಸನ್ನೆ ಎಲ್ಲಿದೆ ಎಂದು ಮುಟ್ಟಿ ನೋಡುವುದು ನನ್ನ ಮೊದಲ ಕೆಲಸವಾಯಿತು.

ತುಮಕೂರಿನ ಪತ್ರಬರಹಗಾರ

ಮೇಲಿನ ಬರಹವನ್ನು ಓದಿದ ಮೇಲೆ ಏನನ್ನೂ ಬರೆಯಲು ಮನಸ್ಸಾಗುತ್ತಿಲ್ಲ. ಆದರೂ ಶಿವಮೊಗ್ಗದ ಅಮ್ಮನವರಿಗೆ ಒಂದು ಸುದ್ದಿ ತಿಳಿಸಬೇಕಿದೆ.

ನಾನು ಮೂವತ್ತೊಂದು ವರ್ಷ ನ್ಯಾಯಾಲಯದ ಮುಂದಿನ ಹೊಂಗೆ ಮರದ ಕೆಳಗೆ ಕುಳಿತು ಕ್ರಯಪತ್ರ, ವಿಭಾಗಪತ್ರ, ಪ್ರಮಾಣಪತ್ರಗಳನ್ನು ಬೆರಳಚ್ಚು ಮಾಡಿದ್ದೇನೆ. ಶಾಲೆಯಲ್ಲಿ ಕಲಿತದ್ದಕ್ಕೂ ಛಾಪಾಕಾಗದದ ಮೇಲೆ ಹೊಡೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ಅಲ್ಲಿ ಅಳಿಸಿ ತಿದ್ದುವಂತಿಲ್ಲ. ತಿದ್ದಿದ ಪ್ರತಿ ಜಾಗವನ್ನೂ ದಾಖಲಿಸಿ ಸಹಿ ಹಾಕಿಸಬೇಕು. ಚಕ್ಕುಬಂದಿ, ಅಂದರೆ ಜಾಗದ ನಾಲ್ಕು ದಿಕ್ಕಿನ ಗಡಿಗಳನ್ನು ಬರೆಯುವಾಗ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ನಾಲ್ಕು ಪದಗಳಲ್ಲಿ ಒಂದು ಅದಲುಬದಲಾದರೆ ಎರಡು ಮನೆಗಳ ನಡುವೆ ವ್ಯಾಜ್ಯ ಹುಟ್ಟುತ್ತದೆ. ಆದ್ದರಿಂದ ಚಕ್ಕುಬಂದಿಯ ಸಾಲುಗಳಿಗೆ ಬಂದೊಡನೆ ನಾನು ವೇಗವನ್ನು ಅರ್ಧಕ್ಕೆ ಇಳಿಸುತ್ತಿದ್ದೆ, ಎದುರು ಕುಳಿತ ರೈತರಿಗೆ ಒಂದೊಂದು ದಿಕ್ಕನ್ನೂ ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಹೊಡೆಯುತ್ತಿದ್ದೆ. ಅಮ್ಮನವರು ಹೇಳಿದಂತೆ, ಬಾಯಿ ಒಂದು ಕ್ರಮದಲ್ಲಿಯೂ ಬೆರಳು ಇನ್ನೊಂದು ಕ್ರಮದಲ್ಲಿಯೂ ಒಟ್ಟಿಗೆ ನಡೆಯುವುದನ್ನು ನಾನು ಕಲಿತದ್ದು ಹಾಗೆ. ‘ಪೂರ್ವಕ್ಕೆ’ ಎಂದು ಬಾಯಿ ಹೇಳುತ್ತಿರುವಾಗ ಬೆರಳು ವಕಾರವನ್ನು ಮುಗಿಸಿ ಅರ್ಕಾವೊತ್ತಿಗೆ ಹೋಗುತ್ತಿರುತ್ತಿತ್ತು.

ಸುದ್ದಿ ಏನೆಂದರೆ, ನನ್ನ ಕನ್ನಡ ಯಂತ್ರ ಇನ್ನೂ ನನ್ನ ಬಳಿ ಇದೆ. ರಿಬ್ಬನ್ನು ಒಣಗಿದೆ, ಕೀಲಿಗಳ ಮೇಲಿನ ಅಕ್ಷರಗಳು ಬಹುಪಾಲು ಸವೆದುಹೋಗಿವೆ, ಆದರೆ ಅಚ್ಚುಗಳೆಲ್ಲ ಇವೆ. ಹುಬ್ಬಳ್ಳಿಯವರೇ, ಅದಕ್ಕೆ ಅರ್ಧ ಇಂಚಿನ ಸಾಮಾನ್ಯ ರಿಬ್ಬನ್ನು ಸಾಕೇ?

ಹುಬ್ಬಳ್ಳಿಯ ಯಂತ್ರ ದುರಸ್ತಿಗಾರ

ಸಾಕು. ರಿಬ್ಬನ್ನು ಸುತ್ತಿರುವ ಹಳೆಯ ಸುರುಳಿಗಳನ್ನು ಮಾತ್ರ ಎಸೆಯಬೇಡಿ, ಹೊಸ ರಿಬ್ಬನ್ನನ್ನು ಅವುಗಳಿಗೇ ಸುತ್ತಿಕೊಳ್ಳಿ. ಅಚ್ಚುಗಳನ್ನು ಮೊದಲು ಒಣ ಬ್ರಷ್ಷಿನಿಂದ ಉಜ್ಜಿ.

ಹಾಸನದ ನಿವೃತ್ತ ಉಪನ್ಯಾಸಕ

ಎಲ್ಲರಿಗೂ ಕೃತಜ್ಞತೆಗಳು. ಮೈಸೂರಿನವರ ಪತ್ರದ ಸಂಗತಿಯನ್ನು ನಿನ್ನೆ ರಾತ್ರಿ ನನ್ನ ಪತ್ನಿಗೆ ಓದಿ ಹೇಳಿದೆ, ಇಬ್ಬರೂ ಬಹಳ ಹೊತ್ತು ಮಾತನಾಡಲಿಲ್ಲ.

ನಮ್ಮ ಮೇಷ್ಟ್ರು ಕಲಿಸಿದ ಒಂದು ಲೆಕ್ಕವನ್ನು ಇಲ್ಲಿ ದಾಖಲಿಸಬೇಕೆನಿಸಿತು. ಇಂಚಿಗೆ ಹತ್ತು ಅಕ್ಷರ ಬೀಳುವ ಯಂತ್ರದಲ್ಲಿ ಎಂಟೂವರೆ ಇಂಚು ಅಗಲದ ಹಾಳೆಗೆ 85 ಜಾಗಗಳು. ಶೀರ್ಷಿಕೆಯನ್ನು ನಡುವೆ ತರಲು ಕ್ಯಾರೇಜನ್ನು 42ಕ್ಕೆ ನಿಲ್ಲಿಸಿ, ಶೀರ್ಷಿಕೆಯ ಅಕ್ಷರಗಳನ್ನು ಎರಡೆರಡಾಗಿ ಬಾಯಲ್ಲಿ ಹೇಳಿಕೊಳ್ಳುತ್ತಾ, ಪ್ರತಿ ಜೋಡಿಗೆ ಒಂದು ಸಲ ಹಿಂದೆ ಸರಿಯುವ ಕೀಲಿಯನ್ನು ಒತ್ತಬೇಕು. ಕೈ ನಿಂತ ಜಾಗದಿಂದ ಹೊಡೆಯಲು ಆರಂಭಿಸಿದರೆ ಶೀರ್ಷಿಕೆ ನಡುವೆಯೇ ಬರುತ್ತದೆ. ಕನ್ನಡದಲ್ಲಿ, ಕ್ಯಾರೇಜನ್ನು ಸರಿಸದ ಗುರುತುಗಳನ್ನು ಬಿಟ್ಟು ಎಣಿಸಬೇಕಿತ್ತೆಂದು ಕಾಣುತ್ತದೆ. ಹೌದೇ, ಅಮ್ಮ?

ಇನ್ನೊಂದು ಬಿನ್ನಹ. ತುಮಕೂರಿನವರು ತಮ್ಮ ಯಂತ್ರದ ಕೀಲಿಗಳನ್ನು ಒಂದೊಂದಾಗಿ ಹೊಡೆದು ಹಾಳೆಯ ಚಿತ್ರ ಹಾಕುವ ಮೊದಲು, ಅಮ್ಮ, ತಾವು ನೆನಪಿನಿಂದಲೇ ಕೀಲಿಮಣೆಯನ್ನು ಬರೆದು ನೋಡಲು ಸಾಧ್ಯವೇ?

ಶಿವಮೊಗ್ಗದ ನಿವೃತ್ತ ಬೆರಳಚ್ಚುಗಾರ್ತಿ

ಹೌದು ಸರ್, ಅವನ್ನು ಬಿಟ್ಟೇ ಎಣಿಸುತ್ತಿದ್ದೆವು. ಕಣ್ಣಿಗೆ ಕಾಣುವ ಅಕ್ಷರಗಳ ಲೆಕ್ಕ ಹಿಡಿದರೆ ಶೀರ್ಷಿಕೆ ಓರೆಯಾಗುತ್ತಿತ್ತು. ಕ್ಯಾರೇಜು ಸರಿಯುವ ಶಬ್ದವನ್ನು ಮನಸ್ಸಿನಲ್ಲಿ ಕೇಳಿಕೊಂಡು ಎಣಿಸಬೇಕಿತ್ತು.

ತಂತ್ರಾಂಶ ಉದ್ಯೋಗಿಗೆ ನಾನು ಉತ್ತರ ಕೊಡಬೇಕಿತ್ತು, ತಡವಾಯಿತು. ಕಚೇರಿಗೆ ಗಣಕ ಬಂದಾಗ ನನಗೆ ನಲವತ್ತು ದಾಟಿತ್ತು, ಮಗೂ. ಉಚ್ಚಾರಣೆಯ ಕ್ರಮದಲ್ಲಿ ಹೊಡೆಯುವುದು ಹೊಸದಾಗಿ ಕಲಿಯುವವರಿಗೆ ಬಹಳ ಸುಲಭ, ಅದನ್ನು ರೂಪಿಸಿದವರು ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದ್ದಾರೆ. ನನಗೆ ಮಾತ್ರ ಒಂದೂವರೆ ವರ್ಷ ಕೈ ಎರಡು ದಾರಿಗಳ ನಡುವೆ ನಿಲ್ಲುತ್ತಿತ್ತು. ನಿಮಿಷಕ್ಕೆ ಮೂವತ್ತು ಪದ ಓಡುತ್ತಿದ್ದ ಕೈ ಎಂಟಕ್ಕೆ ಇಳಿದ ದಿನ ಊಟದ ಹೊತ್ತಿನಲ್ಲಿ ಒಬ್ಬಳೇ ಕುಳಿತು ಅತ್ತಿದ್ದೆ. ಕಲಿತೆ. ಆದರೆ ‘ಕಾರ್ಯದರ್ಶಿ’ ಎಂದು ಬರೆಯುವಾಗ ಬಲಗೈ ಇಂದಿಗೂ ಒಂದು ಕ್ಷಣ ಯಕಾರವನ್ನು ಮೊದಲು ಹುಡುಕುತ್ತದೆ.

ಇಂದು ಬೆಳಿಗ್ಗೆ ಕೆಲಸಗಳೆಲ್ಲ ಮುಗಿದ ಮೇಲೆ ಊಟದ ಮೇಜಿನ ಮೇಲೆ ಬಿಳಿಯ ಹಾಳೆ ಹಾಸಿ, ಬೆರಳುಗಳನ್ನು ನಡುಸಾಲಿನ ಜಾಗದಲ್ಲಿ ಇಟ್ಟು ಕಣ್ಣು ಮುಚ್ಚಿದೆ. ಅಕ್ಷರಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳಲು ಹೋದರೆ ಏನೂ ಬರಲಿಲ್ಲ. ಆಗ ನಾನು ಸಾವಿರಾರು ಸಲ ಹೊಡೆದ ಸಾಲನ್ನೇ ಹೊಡೆಯತೊಡಗಿದೆ: ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ.’ ಬೆರಳುಗಳು ತಾವಾಗಿಯೇ ಹೋದವು. ಮೊಮ್ಮಗಳು ಪಕ್ಕದಲ್ಲಿ ನಿಂತು, ಬೆರಳು ತಾಗಿದ ಜಾಗದಲ್ಲೆಲ್ಲ ಪೆನ್ಸಿಲಿನಿಂದ ಗುರುತು ಹಾಕಿ ನಾನು ಹೇಳಿದ ಅಕ್ಷರವನ್ನು ಬರೆದುಕೊಂಡಳು. ಇಂಥ ಆರು ಸಾಲುಗಳು ಮುಗಿಯುವ ಹೊತ್ತಿಗೆ ಕೀಲಿಮಣೆ ಹೆಚ್ಚುಕಡಿಮೆ ತುಂಬಿತ್ತು. ಮೇಲಿನ ಸಾಲಿನಲ್ಲಿ ಎರಡು ಜಾಗಗಳು ಖಾಲಿ ಉಳಿದಿವೆ, ಎರಡೂ ಬಲಗೈ ಕಿರುಬೆರಳಿನವು. ಸರ್ಕಾರಿ ಪತ್ರದಲ್ಲಿ ಆ ಗುರುತುಗಳು ಹೆಚ್ಚಾಗಿ ಬಳಕೆಯಾಗದೆ ಬೆರಳಿಗೆ ಮರೆತಿರಬೇಕು. ತುಮಕೂರಿನವರೇ, ಕ್ರಯಪತ್ರಗಳಲ್ಲಿ ಅವು ಬರುತ್ತಿದ್ದಿರಬಹುದು. ರಿಬ್ಬನ್ನು ಹಾಕಿದ ಮೇಲೆ ಮೊದಲು ಆ ಎರಡು ಕೀಲಿಗಳನ್ನು ಹೊಡೆದು ನನಗೆ ತಿಳಿಸಿ.